ಡಬ್ಲಿನ್, ಲಾರ್ಡ್ಸ್, ಬೆಂಗಳೂರು: ತಂಡ ಬದಲಿಸಿದ ಮೂವರು ಐರಿಷ್ ಆಟಗಾರರ ಪ್ರಕರಣ

2007ರ ವಿಶ್ವಕಪ್. ಮಾರ್ಚ್ 30ರಂದು ಗಯಾನಾದ ಪ್ರಾವಿಡೆನ್ಸ್ ಸ್ಟೇಡಿಯಂನಲ್ಲಿ ಇಂಗ್ಲೆಂಡ್ ಮತ್ತು ಐರ್ಲೆಂಡ್ ಎದುರಾದವು. ಇಂಗ್ಲೆಂಡ್ ಪರ ಇನಿಂಗ್ಸ್ ಆರಂಭಿಸಿದ ಎಡ್ ಜಾಯ್ಸ್ 1 ರನ್ ಗಳಿಸಿ ಬೌಲ್ಡ್ ಆದರು. ಬೌಲ್ ಮಾಡಿದವರು ಆರೂವರೆ ಅಡಿಗೂ ಎತ್ತರದ ಬಾಯ್ಡ್ ರ್‍ಯಾಂಕಿನ್. ಐರ್ಲೆಂಡ್ ತಂಡದಲ್ಲಿ ಆ ದಿನ 20 ವರ್ಷದ ಇಯಾನ್ ಮಾರ್ಗನ್ ಕೂಡ ಇದ್ದರು.

ಜಾಯ್ಸ್ ಹುಟ್ಟಿದ್ದು ಡಬ್ಲಿನ್‌ನಲ್ಲಿ. ಮಾರ್ಗನ್ ಕೂಡ ಅಲ್ಲಿಯವರೇ. ರ್‍ಯಾಂಕಿನ್ ಉತ್ತರ ಐರ್ಲೆಂಡ್‌ನವರು. ಅಂದು ಇಂಗ್ಲೆಂಡ್ ಅಂಗಿ ತೊಟ್ಟಿದ್ದ ಜಾಯ್ಸ್ ಮುಂದೆ ಐರ್ಲೆಂಡ್‌ಗೆ ವಾಪಸ್ ಬಂದರು. ಅಂದು ಐರ್ಲೆಂಡ್ ಅಂಗಿ ತೊಟ್ಟಿದ್ದ ಮಾರ್ಗನ್ ಮತ್ತು ರ್‍ಯಾಂಕಿನ್ ಇಂಗ್ಲೆಂಡ್‌ಗೆ ಹೋದರು. ರ್‍ಯಾಂಕಿನ್ ಮತ್ತೆ ಹಿಂದಿರುಗಿದರು. ಮಾರ್ಗನ್ ಹಿಂದಿರುಗಲಿಲ್ಲ, ಇಂಗ್ಲೆಂಡ್‌ಗೆ ವಿಶ್ವಕಪ್ ಗೆದ್ದುಕೊಟ್ಟರು.

ದೇಶ ಬದಲಿಸಿದ ಆಟಗಾರರ ಬಗ್ಗೆ ಅಭಿಮಾನಿಗಳು ವಾದ ಮಾಡುವಾಗ ಮೊದಲು ಬರುವ ಮಾತು ನಿಷ್ಠೆ. ಯಾರು ದೇಶಕ್ಕಾಗಿ ಆಡಿದರು, ಯಾರು ದುಡ್ಡಿಗಾಗಿ ಹೋದರು ಅಂತ. ಈ ಮೂವರ ಕಥೆಯನ್ನು ಸಾಲಾಗಿ ಇಟ್ಟು ನೋಡಿದರೆ ನನಗೆ ಬೇರೆಯದೇ ಕಾಣುತ್ತದೆ. ಅವರ ದಾರಿಯನ್ನು ತೀರ್ಮಾನ ಮಾಡಿದ್ದು ವಿಶ್ವ ಕ್ರಿಕೆಟ್ ನಡೆಸುವ ಸಂಸ್ಥೆಯಾದ ಐಸಿಸಿಯ ನಿಯಮ. ಆ ನಿಯಮ ದೊಡ್ಡ ತಂಡಕ್ಕೆ ಒಂದು ಥರ, ಚಿಕ್ಕ ತಂಡಕ್ಕೆ ಇನ್ನೊಂದು ಥರ ಇತ್ತು. ಕಾಮೆಂಟರಿ ಹೇಳುವವರು ನಮಗೆ ಆಟಗಾರನ ಹುಟ್ಟೂರನ್ನು ನೂರು ಸಲ ಹೇಳಿದರು. ನಿಯಮವನ್ನು ಹೇಳಿದ್ದು ಬಹಳ ಕಡಿಮೆ. ನಮ್ಮ ಜಗಳ ದಾರಿ ತಪ್ಪಿದ್ದು ಅಲ್ಲೇ.

ಅಣ್ಣ ಆ ಕಡೆ, ತಮ್ಮ ಈ ಕಡೆ

ಮೊದಲು ಜಾಯ್ಸ್ ಕಥೆ. ಅವರ ಮನೆಯೇ ಒಂದು ಕ್ರಿಕೆಟ್ ತಂಡದಂತಿತ್ತು. ತಮ್ಮ ಡಾಮಿನಿಕ್ ಐರ್ಲೆಂಡ್ ಪರ ಆಡಿದರು. ಸಹೋದರಿಯರಾದ ಇಸೊಬೆಲ್ ಮತ್ತು ಸಿಸಿಲಿಯಾ ಐರ್ಲೆಂಡ್ ಮಹಿಳಾ ತಂಡದಲ್ಲಿದ್ದರು, ಇಸೊಬೆಲ್ ನಾಯಕಿಯೂ ಆದರು. ಎಡ್ ಎಡಗೈ ಬ್ಯಾಟ್ಸ್‌ಮನ್. ಇಂಗ್ಲೆಂಡ್‌ನ ದೇಶೀ ತಂಡಗಳಿಗೆ ಕೌಂಟಿ ಅನ್ನುತ್ತಾರೆ; ಲಂಡನ್‌ನ ಮಿಡ್ಲ್‌ಸೆಕ್ಸ್ ಕೌಂಟಿಯಲ್ಲಿ ವರ್ಷಗಟ್ಟಲೆ ರನ್ ಗಳಿಸಿ ಹೆಸರು ಮಾಡಿದರು. ಅಲ್ಲೇ ವಾಸವಿದ್ದ ಕಾರಣ ಇಂಗ್ಲೆಂಡ್ ಪರ ಆಡುವ ಅರ್ಹತೆಯೂ ಬಂತು.

2005ರಲ್ಲಿ ಐರ್ಲೆಂಡ್‌ನಲ್ಲೇ ವಿಶ್ವಕಪ್ ಅರ್ಹತಾ ಟೂರ್ನಿಯಾದ ಐಸಿಸಿ ಟ್ರೋಫಿ ನಡೆಯಿತು. ಜಾಯ್ಸ್ ಐರ್ಲೆಂಡ್ ಪರ ಅದ್ಭುತವಾಗಿ ಆಡಿದರು. ಐರ್ಲೆಂಡ್ ಮೊದಲ ಸಲ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಮರುವರ್ಷ, 2006ರ ಜೂನ್ 13ರಂದು, ಐರ್ಲೆಂಡ್ ತನ್ನ ಮೊಟ್ಟಮೊದಲ ಏಕದಿನ ಪಂದ್ಯವನ್ನು ಬೆಲ್‌ಫಾಸ್ಟ್‌ನಲ್ಲಿ ಆಡಿತು. ಎದುರಾಳಿ ಇಂಗ್ಲೆಂಡ್. ಆ ಪಂದ್ಯದಲ್ಲಿ ಎಡ್ ಜಾಯ್ಸ್ ಏಕದಿನಕ್ಕೆ ಕಾಲಿಟ್ಟರು, ಇಂಗ್ಲೆಂಡ್ ಪರ. ಡಾಮಿನಿಕ್ ಕೂಡ ಅದೇ ದಿನ ಕಾಲಿಟ್ಟರು, ಐರ್ಲೆಂಡ್ ಪರ. ಒಂದೇ ತಾಯಿಯ ಮಕ್ಕಳು, ಒಂದೇ ದಿನ, ಎದುರುಬದುರು. ಆ ತಾಯಿಯ ಮನಸ್ಸಲ್ಲಿ ಏನಿತ್ತೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇಂಗ್ಲೆಂಡ್ 38 ರನ್‌ಗಳಿಂದ ಗೆದ್ದಿತು.

ಅಂದರೆ ಐರ್ಲೆಂಡನ್ನು 2007ರ ವಿಶ್ವಕಪ್‌ಗೆ ತಲುಪಿಸಲು ದುಡಿದ ಆಟಗಾರ, ಆ ವಿಶ್ವಕಪ್‌ನಲ್ಲಿ ಐರ್ಲೆಂಡ್ ವಿರುದ್ಧವೇ ಬ್ಯಾಟ್ ಹಿಡಿದರು. ಐರಿಷ್ ಅಭಿಮಾನಿಗೆ ನೋವಾಗುವುದು ಸಹಜ ಅಲ್ವಾ? ಆದರೆ ಜಾಯ್ಸ್ ಕಡೆಯಿಂದಲೂ ನೋಡಬೇಕು. ಅವರಿಗೆ ಟೆಸ್ಟ್ ಆಡುವ ಆಸೆ. ಐರ್ಲೆಂಡ್‌ಗೆ ಟೆಸ್ಟ್ ಸ್ಥಾನವೇ ಇರಲಿಲ್ಲ. ಎಷ್ಟೇ ಶತಕ ಬಾರಿಸಿದರೂ ಐರ್ಲೆಂಡ್ ಅಂಗಿಯಲ್ಲಿ ಟೆಸ್ಟ್ ಆಡಲು ಸಾಧ್ಯವಿರಲಿಲ್ಲ.

ಅವರಿಗೆ ಇಂಗ್ಲೆಂಡ್‌ನಲ್ಲೂ ಆ ಆಸೆ ಕೈಗೂಡಲಿಲ್ಲ. 2007ರ ಫೆಬ್ರವರಿಯಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ 107 ರನ್ ಹೊಡೆದು ಪಂದ್ಯ ಗೆಲ್ಲಿಸಿದರು. ವಿಶ್ವಕಪ್ ನಂತರ ತಂಡದಿಂದ ಹೊರಬಿದ್ದರು. 17 ಏಕದಿನ ಪಂದ್ಯಗಳಿಗೆ ಅವರ ಇಂಗ್ಲೆಂಡ್ ಆಟ ಮುಗಿಯಿತು. ಟೆಸ್ಟ್ ಒಂದೂ ಸಿಗಲಿಲ್ಲ.

ಬಚ್ಚಿಡದೆ ಹೇಳಿದವರು

ಮಾರ್ಗನ್ ಅವರದ್ದು ಇನ್ನೂ ನೇರ. ಡಬ್ಲಿನ್‌ನ ಉತ್ತರಕ್ಕಿರುವ ರಷ್ ಎಂಬ ಊರಲ್ಲಿ ಬೆಳೆದವರು. ಇಂಗ್ಲೆಂಡ್ ಪರ ಆಡಬೇಕು ಅನ್ನುವ ಆಸೆ ಬಾಲ್ಯದಿಂದಲೇ ಇತ್ತು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಅಂತ ಅವರು ಬಹಿರಂಗವಾಗಿಯೇ ಹೇಳಿದ್ದಾರೆ. 2006ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡ್ ವಿರುದ್ಧ ಐರ್ಲೆಂಡ್ ಪರ ಮೊದಲ ಏಕದಿನ ಆಡಿದಾಗ 99ಕ್ಕೆ ರನೌಟ್ ಆದರು. ಮೊದಲ ಏಕದಿನ ಪಂದ್ಯದಲ್ಲೇ 99ಕ್ಕೆ ಔಟಾದ ಮೊದಲಿಗರು ಅವರು. 2007ರ ಮಾರ್ಚ್ 17ರಂದು, ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ, ಜಮೈಕಾದಲ್ಲಿ ಪಾಕಿಸ್ತಾನವನ್ನು ಮನೆಗೆ ಕಳಿಸಿದ ಐರ್ಲೆಂಡ್ ತಂಡದಲ್ಲೂ ಇದ್ದರು.

2009ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ 2011ರ ವಿಶ್ವಕಪ್‌ಗೆ ಅರ್ಹತಾ ಟೂರ್ನಿ ನಡೆಯಿತು. ಮಾರ್ಗನ್ ಐರ್ಲೆಂಡ್ ಪರ ಆಡುತ್ತಿದ್ದರು. ಟೂರ್ನಿ ನಡೆಯುತ್ತಿರುವಾಗಲೇ ಇಂಗ್ಲೆಂಡ್‌ನ ಟಿ20 ವಿಶ್ವಕಪ್ ಸಂಭವನೀಯರ ಪಟ್ಟಿಯಲ್ಲಿ ಅವರ ಹೆಸರು ಬಂತು. ಐರ್ಲೆಂಡ್ ಅರ್ಹತೆ ಪಡೆಯಿತು. ಮೇ 24ರಂದು ಬ್ರಿಸ್ಟಲ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಮಾರ್ಗನ್ ಇಂಗ್ಲೆಂಡ್ ಪರ ಕಣಕ್ಕಿಳಿದರು.

ಏಪ್ರಿಲ್‌ನಲ್ಲಿ ಒಂದು ದೇಶ, ಮೇನಲ್ಲಿ ಇನ್ನೊಂದು. ಎರಡನೇ ಸಲ ಹೀಗಾಯಿತು: ಐರ್ಲೆಂಡನ್ನು ವಿಶ್ವಕಪ್‌ಗೆ ತಲುಪಿಸಿದ ಬ್ಯಾಟ್ಸ್‌ಮನ್, ವಿಶ್ವಕಪ್ ಬರುವ ಹೊತ್ತಿಗೆ ಇಂಗ್ಲೆಂಡ್‌ನಲ್ಲಿ.

ನಿಯಮ ಏನಿತ್ತು

ಐಸಿಸಿಯಲ್ಲಿ ಎರಡು ದರ್ಜೆ ಇವೆ. ಟೆಸ್ಟ್ ಆಡುವ ಪೂರ್ಣ ಸದಸ್ಯರು ಮತ್ತು ಉಳಿದ ಅಸೋಸಿಯೇಟ್ ಸದಸ್ಯರು. ಐರ್ಲೆಂಡ್ ಆಗ ಅಸೋಸಿಯೇಟ್. ಅಸೋಸಿಯೇಟ್ ತಂಡದಿಂದ ಪೂರ್ಣ ಸದಸ್ಯ ತಂಡಕ್ಕೆ ಹೋಗುವವರು ಕಾಯಬೇಕಿರಲಿಲ್ಲ. ಹೊಸ ದೇಶದ ಅರ್ಹತೆ ಇದ್ದರೆ ಸಾಕು, ಮರುದಿನವೇ ಆಡಬಹುದಿತ್ತು. ತಿರುಗಿ ಬರಬೇಕಾದರೆ? ಕೊನೆಯ ಪಂದ್ಯದಿಂದ 4 ವರ್ಷ ಮನೆಯಲ್ಲಿ ಕೂರಬೇಕಿತ್ತು.

ಇದನ್ನು ಒಮ್ಮೆ ನಿಧಾನವಾಗಿ ಯೋಚಿಸಿ. ಆಟಗಾರನನ್ನು ಬೆಳೆಸಿದ್ದು ಚಿಕ್ಕ ಮಂಡಳಿ. ಹದಿನೈದರೊಳಗಿನ ತಂಡ, ಹತ್ತೊಂಬತ್ತರೊಳಗಿನ ತಂಡ, ಕೋಚ್, ಪ್ರವಾಸ ಎಲ್ಲದಕ್ಕೂ ಖರ್ಚು ಮಾಡಿದ್ದು ಅದು. ಹಣ್ಣಾದ ಮೇಲೆ ದೊಡ್ಡ ಮಂಡಳಿ ಕಿತ್ತುಕೊಂಡು ಹೋಗಬಹುದು. ಅದಕ್ಕೆ ಬೇಡವಾದಾಗಲೂ ಆಟಗಾರ ತಕ್ಷಣ ಮನೆಗೆ ಬರುವ ಹಾಗಿಲ್ಲ. ಇದು ಅನ್ಯಾಯ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜಾಯ್ಸ್ ಅವರ ಮೇಲೆ, ಮಾರ್ಗನ್ ಅವರ ಮೇಲೆ ಖರ್ಚಾದ ಸಿಟ್ಟಿನಲ್ಲಿ ಅರ್ಧದಷ್ಟಾದರೂ ಈ ನಿಯಮದ ಮೇಲೆ ಖರ್ಚಾಗಬೇಕಿತ್ತು.

ಐರ್ಲೆಂಡ್‌ನಲ್ಲಿ ಕ್ರಿಕೆಟ್ ಅಂದರೆ ಬರೀ ಆಟವೂ ಅಲ್ಲ. ಅದು ಇಂಗ್ಲಿಷರ ಆಟ ಅನ್ನುವ ಭಾವನೆ ತುಂಬ ಕಾಲ ಇತ್ತು. ಐರಿಷ್ ದೇಶೀ ಆಟಗಳ ಸಂಸ್ಥೆಯಾದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ 1971ರವರೆಗೆ ತನ್ನ ಸದಸ್ಯರು ಕ್ರಿಕೆಟ್‌ನಂಥ ‘ವಿದೇಶಿ’ ಆಟ ಆಡುವುದನ್ನೇ ನಿಷೇಧಿಸಿತ್ತು. ಅಂಥ ನೆಲದಲ್ಲಿ ಕ್ರಿಕೆಟ್ ಉಳಿಸಿಕೊಂಡವರಿಗೆ, ತಮ್ಮ ಒಳ್ಳೆಯ ಆಟಗಾರ ಇಂಗ್ಲೆಂಡ್‌ಗೇ ಹೋದರೆ ಎಷ್ಟು ಚುಚ್ಚುತ್ತದೆ ಅಂತ ನಾವು ಊಹಿಸಬಹುದು. ಇನ್ನೊಂದು ಸಂಗತಿ: ಐರ್ಲೆಂಡ್ ಕ್ರಿಕೆಟ್ ತಂಡ ಇಡೀ ದ್ವೀಪದ್ದು. ಸ್ವತಂತ್ರ ಐರ್ಲೆಂಡ್ ಮತ್ತು ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್ ಎರಡರ ಹುಡುಗರೂ ಅದರಲ್ಲಿ ಆಡುತ್ತಾರೆ. ರ್‍ಯಾಂಕಿನ್ ಹುಟ್ಟಿದ್ದೇ ಬ್ರಿಟನ್ ಆಡಳಿತದ ಭಾಗದಲ್ಲಿ. ಅವರು ಇಂಗ್ಲೆಂಡ್ ಪರ ಆಡಿದರೆ ದೇಶ ಬಿಟ್ಟರು ಅನ್ನಬೇಕೋ, ದೇಶದೊಳಗೇ ಇದ್ದರು ಅನ್ನಬೇಕೋ? ಪಾಸ್‌ಪೋರ್ಟ್ ನೋಡಿ ನಿಷ್ಠೆ ಅಳೆಯಲು ಹೊರಟವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಚಿನ್ನಸ್ವಾಮಿಯಲ್ಲಿ ಆ ಬುಧವಾರ

ಜಾಯ್ಸ್ ವಾಪಸ್ ಬರಲು ನಿರ್ಧರಿಸಿದರು. 4 ವರ್ಷದ ಲೆಕ್ಕ ಹಾಕಿದರೆ ಅವರು 2011ರ ವಿಶ್ವಕಪ್ ತಪ್ಪಿಸಿಕೊಳ್ಳಬೇಕಿತ್ತು. ಕೆಲವೇ ವಾರಗಳು ಕಡಿಮೆ ಬೀಳುತ್ತಿದ್ದವು. ಐಸಿಸಿ ವಿಶೇಷ ವಿನಾಯಿತಿ ಕೊಟ್ಟಿತು. ಹಾಗಾಗಿ 2011ರ ಮಾರ್ಚ್ 2ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಇಂಗ್ಲೆಂಡ್ ವಿರುದ್ಧ ಐರ್ಲೆಂಡ್ ಆಡಿದಾಗ ಮೂರನೇ ಕ್ರಮಾಂಕದಲ್ಲಿ ಬಂದವರು ಎಡ್ ಜಾಯ್ಸ್. ಮಾರ್ಗನ್ ಅಂದು ಇಂಗ್ಲೆಂಡ್ ತಂಡದಲ್ಲಿ ಇರಲಿಲ್ಲ. ಬೆರಳಿನ ಗಾಯದಿಂದ ಮೊದಲ ಪಟ್ಟಿಯಿಂದ ಹೊರಗಿದ್ದ ಅವರು ಆಮೇಲೆ ಕೆವಿನ್ ಪೀಟರ್ಸನ್ ಜಾಗಕ್ಕೆ ಬಂದರು.

ಬೆಂಗಳೂರಿನವರು ಆ ಪಂದ್ಯ ಮರೆತಿಲ್ಲ. ಮೂರು ದಿನ ಮುಂಚೆ ಅದೇ ಮೈದಾನದಲ್ಲಿ ಭಾರತ ಮತ್ತು ಇಂಗ್ಲೆಂಡ್ 338ಕ್ಕೆ ಟೈ ಆಗಿದ್ದವು. ಆ ಬಿಸಿ ಇನ್ನೂ ಆರಿರಲಿಲ್ಲ. ಇಂಗ್ಲೆಂಡ್ 8 ವಿಕೆಟ್‌ಗೆ 327 ಗಳಿಸಿತು. ಜೊನಾಥನ್ ಟ್ರಾಟ್ 92, ಇಯಾನ್ ಬೆಲ್ 81, ಪೀಟರ್ಸನ್ 59. ಐರ್ಲೆಂಡ್ ನಾಯಕ ವಿಲಿಯಂ ಪೋರ್ಟರ್‌ಫೀಲ್ಡ್ ಮೊದಲ ಎಸೆತಕ್ಕೇ ಔಟ್. ಜಾಯ್ಸ್ 32 ರನ್ ಮಾಡಿ ಹೋದರು. 111ಕ್ಕೆ 5 ವಿಕೆಟ್ ಬಿದ್ದವು. ಪಂದ್ಯ ಮುಗೀತು ಅಂತಲೇ ಎಲ್ಲರೂ ಅಂದುಕೊಂಡರು.

ಆಮೇಲೆ ಕೂದಲಿಗೆ ಗುಲಾಬಿ ಬಣ್ಣ ಹಚ್ಚಿಕೊಂಡಿದ್ದ ಕೆವಿನ್ ಓ’ಬ್ರಿಯನ್ ಶುರು ಮಾಡಿದರು. 50 ಎಸೆತದಲ್ಲಿ ಶತಕ. ಆವರೆಗಿನ ವಿಶ್ವಕಪ್‌ಗಳಲ್ಲಿ ಅದಕ್ಕಿಂತ ವೇಗದ ಶತಕ ಇರಲಿಲ್ಲ. ಅಲೆಕ್ಸ್ ಕ್ಯುಸಾಕ್ ಜೊತೆ ಆರನೇ ವಿಕೆಟ್‌ಗೆ 162 ರನ್. ಓ’ಬ್ರಿಯನ್ 63 ಎಸೆತದಲ್ಲಿ 113 ಮಾಡಿ ರನೌಟ್ ಆದರು. ಕೊನೆಗೆ ಜಾನ್ ಮೂನಿ ಬೌಂಡರಿ ಹೊಡೆದು ಮುಗಿಸಿದರು. 49.1 ಓವರ್‌ನಲ್ಲಿ 7 ವಿಕೆಟ್‌ಗೆ 329.

ಆಟದ ಸೊಗಸು ಒಂದು ಕಡೆ ಇರಲಿ. ಆ ದಿನದ ಎರಡು ತಂಡಗಳ ಪಟ್ಟಿ ನೋಡಿ. ಇಂಗ್ಲೆಂಡ್‌ನ ಆಂಡ್ರೂ ಸ್ಟ್ರಾಸ್, ಪೀಟರ್ಸನ್, ಟ್ರಾಟ್, ಮ್ಯಾಟ್ ಪ್ರಯರ್ ನಾಲ್ವರೂ ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಿ. ಐರ್ಲೆಂಡ್‌ನ ಟ್ರೆಂಟ್ ಜಾನ್‌ಸ್ಟನ್ ಮತ್ತು ಕ್ಯುಸಾಕ್ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ. ಜಾಯ್ಸ್ ಹಿಂದೆ ಇಂಗ್ಲೆಂಡ್ ಆಟಗಾರ. ರ್‍ಯಾಂಕಿನ್ ಮುಂದೆ ಇಂಗ್ಲೆಂಡ್ ಆಟಗಾರ. ಹುಟ್ಟೂರೇ ಅಳತೆಗೋಲಾದರೆ ಅಂದು ಮೈದಾನದಲ್ಲಿ ಆರು ಜನ ನಿಲ್ಲುವ ಹಾಗೇ ಇರಲಿಲ್ಲ. ಐರ್ಲೆಂಡ್ ಗೆಲುವಿಗೆ ಕ್ಯುಸಾಕ್ ಅವರ 47 ರನ್ ಬೇಕೇ ಬೇಕಿತ್ತು. ಆ ಗೆಲುವು ಐರ್ಲೆಂಡ್‌ನದ್ದಲ್ಲ ಅಂತ ಯಾರಾದರೂ ಹೇಳುತ್ತಾರಾ?

ಒಂದು ತಿಂಗಳು ಕಳೆಯಿತು. 2011ರ ಏಪ್ರಿಲ್‌ನಲ್ಲಿ ಐಸಿಸಿ, ಮುಂದಿನ ವಿಶ್ವಕಪ್‌ನಲ್ಲಿ 10 ಪೂರ್ಣ ಸದಸ್ಯ ತಂಡಗಳು ಮಾತ್ರ ಅಂತ ತೀರ್ಮಾನಿಸಿತು. ಬೆಂಗಳೂರಿನಲ್ಲಿ ಇಂಗ್ಲೆಂಡನ್ನು ಸೋಲಿಸಿದ ತಂಡಕ್ಕೆ ಸಿಕ್ಕ ಬಹುಮಾನ ಅದು. ಗಲಾಟೆ ಜೋರಾದ ಮೇಲೆ ಜೂನ್‌ನಲ್ಲಿ ತೀರ್ಮಾನ ವಾಪಸ್ ಪಡೆದರು. ಆದರೆ ಐರ್ಲೆಂಡ್‌ನ ಒಬ್ಬ ಒಳ್ಳೆಯ ಬೌಲರ್‌ಗೆ ಈ ಇಡೀ ಪ್ರಸಂಗ ಏನು ಹೇಳಿತು? ನೀವು ಗೆದ್ದರೂ ನಿಮ್ಮ ಜಾಗ ಖಾಯಂ ಅಲ್ಲ ಅಂತ. ಮರುವರ್ಷ ರ್‍ಯಾಂಕಿನ್ ಐರ್ಲೆಂಡ್ ಬಿಟ್ಟು ಇಂಗ್ಲೆಂಡ್‌ಗೆ ಪ್ರಯತ್ನಿಸುವುದಾಗಿ ಪ್ರಕಟಿಸಿದರು. ಈ ಎರಡು ಘಟನೆಗಳ ನಡುವೆ ಗೆರೆ ಎಳೆಯುವುದು ನನ್ನ ಊಹೆ. ಆದರೂ ಆ ವಾತಾವರಣದಲ್ಲಿ ಅವರು ಹೋಗಿದ್ದನ್ನು ನಾನು ತಪ್ಪು ಅನ್ನಲಾರೆ.

ಮಲಹೈಡ್‌ನ ಕಷ್ಟದ ದಿನ

2013ರ ಸೆಪ್ಟೆಂಬರ್ 3. ಡಬ್ಲಿನ್ ಪಕ್ಕದ ಮಲಹೈಡ್. ಐರ್ಲೆಂಡ್ 7 ವಿಕೆಟ್‌ಗೆ 269 ಗಳಿಸಿತು. ಅದರಲ್ಲಿ 4 ವಿಕೆಟ್ ಕಿತ್ತವರು ಇಂಗ್ಲೆಂಡ್ ಪರ ಮೊದಲ ಏಕದಿನ ಆಡುತ್ತಿದ್ದ ರ್‍ಯಾಂಕಿನ್. ಇಂಗ್ಲೆಂಡ್ ಬೇಗ 4 ವಿಕೆಟ್ ಕಳೆದುಕೊಂಡಾಗ ನಾಯಕ ನಿಂತು ಔಟಾಗದೆ 124 ಹೊಡೆದರು. ಆ ದಿನದ ನಾಯಕ ಇಯಾನ್ ಮಾರ್ಗನ್. ಐರ್ಲೆಂಡ್ ಸೋತಿತು. ಸೋಲಿಸಿದವರು ಇಬ್ಬರೂ ಐರ್ಲೆಂಡ್ ಬೆಳೆಸಿದವರು. ಈ ಪ್ರಕರಣದಲ್ಲಿ ಐರಿಷ್ ಅಭಿಮಾನಿಯ ಸಂಕಟ ಪೂರ್ತಿ ಅರ್ಥವಾಗುವ ದಿನ ಇದು. ನಿಯಮದ ಬಗ್ಗೆ ನಾನು ಎಷ್ಟೇ ಹೇಳಿದರೂ, ತನ್ನೂರಿನ ಹುಡುಗ ತನ್ನ ತಂಡವನ್ನು ಸೋಲಿಸುವುದನ್ನು ಟಿಕೆಟ್ ಕೊಟ್ಟು ಕೂತು ನೋಡಿದವರ ನೋವು ಸುಳ್ಳಾಗುವುದಿಲ್ಲ.

ರ್‍ಯಾಂಕಿನ್‌ಗೆ ಟೆಸ್ಟ್ ಸಿಕ್ಕಿತು, ಒಂದೇ ಒಂದು. 2014ರ ಜನವರಿಯಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯಾ ವಿರುದ್ಧದ ಆ್ಯಷಸ್ ಟೆಸ್ಟ್. ಇಂಗ್ಲೆಂಡ್ 5–0 ಸೋತ ಸರಣಿಯ ಕೊನೆಯ ಪಂದ್ಯ. ಒಂದು ವಿಕೆಟ್ ಪಡೆದರು. ಮತ್ತೆ ಕರೆ ಬರಲಿಲ್ಲ. ಕಾಯುವ ಅವಧಿ ಅಷ್ಟರಲ್ಲಿ 2 ವರ್ಷಕ್ಕೆ ಇಳಿದಿದ್ದರಿಂದ 2016ರಲ್ಲಿ ಮತ್ತೆ ಐರ್ಲೆಂಡ್ ಸೇರಿದರು.

ಕಾಮೆಂಟರಿಯವರು ಏನು ಹೇಳುತ್ತಾರೆ

ಮಾರ್ಗನ್ 2014ರ ಕೊನೆಗೆ ಇಂಗ್ಲೆಂಡ್ ಏಕದಿನ ತಂಡದ ಕಾಯಂ ನಾಯಕರಾದರು. ಆಗ ಎದ್ದ ದೊಡ್ಡ ವಿವಾದ ಅವರ ಬ್ಯಾಟಿಂಗ್ ಬಗ್ಗೆ ಆಗಿರಲಿಲ್ಲ. ಅವರು ರಾಷ್ಟ್ರಗೀತೆ ಹಾಡುವುದಿಲ್ಲ ಅನ್ನುವುದು ದೊಡ್ಡ ಸುದ್ದಿಯಾಯಿತು. ಐರ್ಲೆಂಡ್ ಪರ ಆಡುವಾಗಲೂ ಹಾಡುತ್ತಿರಲಿಲ್ಲ, ಇದು ನನ್ನ ಸ್ವಂತ ವಿಷಯ ಅಂತ ಅವರು ವಿವರಿಸಿದರು. ಕ್ಯಾಮೆರಾ ಸುಮ್ನೆ ಅವರ ತುಟಿಯ ಮೇಲೆ ನಿಲ್ಲುತ್ತಿತ್ತು.

ಇಂಥ ವಿಷಯದಲ್ಲಿ ಕಾಮೆಂಟೇಟರ್‌ಗಳ ಪಾತ್ರ ದೊಡ್ಡದು. ಮನೆಯಲ್ಲಿ ಕೂತು ನೋಡುವವರಿಗೆ ಆಟಗಾರನ ಪರಿಚಯ ಆಗುವುದೇ ಅವರ ಮಾತಿನಿಂದ. ‘ಐರ್ಲೆಂಡ್‌ನಲ್ಲಿ ಹುಟ್ಟಿದ’, ‘ದಕ್ಷಿಣ ಆಫ್ರಿಕಾ ಮೂಲದ’ ಅನ್ನುವ ಎರಡು ಪದ ಪ್ರತಿ ಸಲ ಹೆಸರಿನ ಹಿಂದೆ ಅಂಟಿದರೆ, ಕೇಳುವವರ ಮನಸ್ಸಲ್ಲಿ ಆತ ಹೊರಗಿನವನಾಗಿಯೇ ಉಳಿಯುತ್ತಾನೆ. ಈ ಆಟಗಾರ ಯಾಕೆ ಇಲ್ಲಿಗೆ ಬಂದ, ಅವನ ಮೊದಲಿನ ದೇಶಕ್ಕೆ ಟೆಸ್ಟ್ ಇದೆಯಾ, ವಾಪಸ್ ಹೋಗಲು ಎಷ್ಟು ವರ್ಷ ಬೇಕು, ಇದನ್ನು ಒಂದು ಓವರ್ ಮುಗಿಯುವುದರೊಳಗೆ ಹೇಳಿ ಮುಗಿಸಬಹುದು. ಹೇಳುವವರು ಅಪರೂಪ.

ಈ ಮಾತಿಗೆ ಹಳೆಯ ಉದಾಹರಣೆ ಟೋನಿ ಗ್ರೆಗ್. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ, ಇಂಗ್ಲೆಂಡ್ ನಾಯಕರಾಗಿ, ಕೊನೆಗೆ ಆಸ್ಟ್ರೇಲಿಯಾದಲ್ಲಿ ನೆಲೆಸಿ ಚಾನೆಲ್ 9ರ ಧ್ವನಿಯಾದವರು. ನಮ್ಮ ಹಿರಿಯರಿಗೆ ಅವರು ಇನ್ನೊಂದು ಕಾರಣಕ್ಕೆ ನೆನಪು. 1973ರಲ್ಲಿ ಬಾಂಬೆ ಟೆಸ್ಟ್‌ನಲ್ಲಿ ಗುಂಡಪ್ಪ ವಿಶ್ವನಾಥ್ ಶತಕ ಹೊಡೆದಾಗ ಎದುರಾಳಿ ತಂಡದ ಗ್ರೆಗ್ ಓಡಿಬಂದು ವಿಶಿಯವರನ್ನು ಎರಡೂ ತೋಳಲ್ಲಿ ಎತ್ತಿಕೊಂಡಿದ್ದರು. ಗೆಲ್ಲುವವರೆಗೂ ಇಂಗ್ಲೆಂಡ್‌ನಲ್ಲಿ ಗ್ರೆಗ್ ಪೂರ್ತಿ ಇಂಗ್ಲಿಷರೇ. 1977ರಲ್ಲಿ ಆಸ್ಟ್ರೇಲಿಯಾದ ಟಿವಿ ಮಾಲೀಕ ಕೆರಿ ಪ್ಯಾಕರ್ ಅವರ ಬಂಡಾಯ ಸರಣಿಗೆ ಆಟಗಾರರನ್ನು ಸೇರಿಸಿದ್ದು ಹೊರಬಂದ ಕೂಡಲೇ, ಅವರು ಹುಟ್ಟಿನಿಂದ ಇಂಗ್ಲಿಷರಲ್ಲ ಅನ್ನುವ ಮಾತು ಲಂಡನ್ ಪತ್ರಿಕೆಯಲ್ಲಿ ಅಚ್ಚಾಯಿತು. ಹುಟ್ಟೂರನ್ನು ಯಾವಾಗ ನೆನಪಿಸುತ್ತಾರೆ ಅನ್ನುವುದನ್ನು ಗಮನಿಸಬೇಕು. ಅದೇ ಗ್ರೆಗ್ ಆಮೇಲೆ ಕಾಮೆಂಟರಿಯಲ್ಲಿ ಶ್ರೀಲಂಕಾ ತಂಡವನ್ನು ಎಷ್ಟು ಪ್ರೀತಿಯಿಂದ ಹೊಗಳಿದರು ಅಂದರೆ, ಲಂಕೆಯ ಜನ ಅವರನ್ನು ತಮ್ಮವರಂತೆಯೇ ಕಂಡರು. ಆಟಗಾರ ದೇಶ ಬದಲಿಸಿದರೆ ಪ್ರಶ್ನೆ ಕೇಳುವ ನಾವು, ಕಾಮೆಂಟೇಟರ್ ದೇಶ ದಾಟಿ ಬಂದರೆ ಸಂತೋಷದಿಂದ ಕೇಳುತ್ತೇವೆ. ಇಂದು ಮಾರ್ಗನ್ ಕೂಡ ಕಾಮೆಂಟರಿ ಹೇಳುತ್ತಾರೆ. ಅವರ ಡಬ್ಲಿನ್ ಉಚ್ಚಾರ ಯಾರಿಗೂ ತೊಂದರೆ ಮಾಡಿದ್ದು ನನಗೆ ಕಂಡಿಲ್ಲ.

ನಮ್ಮ ಕಡೆಯ ಲೆಕ್ಕ

ಕರ್ನಾಟಕದ ಅಭಿಮಾನಿಗಳು ಇದನ್ನು ದೂರದ ಕಥೆ ಅಂತ ನೋಡಬೇಕಿಲ್ಲ. ಭಾರತದ ಪರ ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದ ಕರುಣ್ ನಾಯರ್‌ಗೆ ಕರ್ನಾಟಕ ತಂಡದಲ್ಲೇ ಜಾಗ ಹೋಯಿತು. 2023ರಲ್ಲಿ ಅವರು ವಿದರ್ಭಕ್ಕೆ ಹೋದರು. 2024ರ ರಣಜಿ ಕ್ವಾರ್ಟರ್ ಫೈನಲ್‌ನಲ್ಲಿ ಕರ್ನಾಟಕದ ವಿರುದ್ಧವೇ 90 ಹೊಡೆದರು. ಕರ್ನಾಟಕ ಹೊರಬಿತ್ತು. 2025ರ ಜನವರಿಯಲ್ಲಿ ವಿಜಯ್ ಹಜಾರೆ ಫೈನಲ್‌ನಲ್ಲಿ ವಿದರ್ಭ ನಾಯಕರಾಗಿ ಕರ್ನಾಟಕದ ಎದುರು ನಿಂತರು, ಆ ಸಲ ಕರ್ನಾಟಕ ಗೆದ್ದಿತು. ಆಮೇಲೆ ಮನೆಗೆ ಮರಳಿದರು. ನಮ್ಮಲ್ಲಿ ಹೆಚ್ಚಿನವರು ಕರುಣ್‌ರನ್ನು ದ್ರೋಹಿ ಅನ್ನಲಿಲ್ಲ. ಕಾರಣ ನಮಗೆ ಗೊತ್ತಿತ್ತು. ಅವಕಾಶ ಸಿಗದೆ ಹೋದರು ಅಂತ ಅರ್ಥಮಾಡಿಕೊಂಡೆವು. ರಾಜ್ಯ ಬದಲಿಸುವುದೂ ದೇಶ ಬದಲಿಸುವುದೂ ಒಂದೇ ತೂಕದ್ದಲ್ಲ, ಒಪ್ಪುತ್ತೇನೆ. ಆದರೆ ಕಾರಣ ಗೊತ್ತಿದ್ದಾಗ ನಾವು ಎಷ್ಟು ಉದಾರಿಗಳು ಅನ್ನುವುದು ಇಲ್ಲಿ ಕಾಣುತ್ತದೆ.

ಹುಟ್ಟೂರಿನ ಅಳತೆ ಎಷ್ಟು ದುರ್ಬಲ ಅನ್ನಲು ನಮ್ಮಲ್ಲೇ ಇನ್ನೊಬ್ಬರಿದ್ದಾರೆ. 2024ರ ಜೂನ್ 6ರಂದು ಡಲ್ಲಾಸ್‌ನಲ್ಲಿ ಅಮೆರಿಕ ಟಿ20 ವಿಶ್ವಕಪ್‌ನಲ್ಲಿ ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಸೋಲಿಸಿತು. ಅದರಲ್ಲಿ 3 ವಿಕೆಟ್ ಪಡೆದ ಎಡಗೈ ಸ್ಪಿನ್ನರ್ ನೋಸ್ತುಷ್ ಕೆಂಜಿಗೆ. ಹುಟ್ಟಿದ್ದು ಅಮೆರಿಕದ ಅಲಬಾಮಾದಲ್ಲಿ, ಕುಟುಂಬ ಚಿಕ್ಕಮಗಳೂರಿನ ಕಾಫಿ ಬೆಳೆಗಾರರದ್ದು. ಅವರು ತಂಡ ಬದಲಿಸಿದವರೇ ಅಲ್ಲ, ಹುಟ್ಟಿದ ದೇಶಕ್ಕೇ ಆಡಿದವರು. ಆದರೂ ಆ ದಿನ ಮಲೆನಾಡಿನ ಜನ ನಮ್ಮ ಹುಡುಗ ಅಂತ ಸಂಭ್ರಮಿಸಿದರು. ಸರಿಯಾಗಿಯೇ ಸಂಭ್ರಮಿಸಿದರು.

2017ರ ನಂತರ

2017ರ ಜೂನ್ 22ರಂದು ಐರ್ಲೆಂಡ್‌ಗೆ ಅಫ್ಘಾನಿಸ್ತಾನದ ಜೊತೆ ಟೆಸ್ಟ್ ಸ್ಥಾನ ಸಿಕ್ಕಿತು. ಮೊದಲ ಟೆಸ್ಟ್ 2018ರ ಮೇನಲ್ಲಿ ಮಲಹೈಡ್‌ನಲ್ಲಿ, ಪಾಕಿಸ್ತಾನದ ವಿರುದ್ಧ. ಮೊದಲ ದಿನ ಮಳೆಗೆ ಹೋಯಿತು. ಎರಡನೇ ದಿನ ಐರ್ಲೆಂಡ್ ಇತಿಹಾಸದ ಮೊದಲ ಟೆಸ್ಟ್ ವಿಕೆಟ್ ಬಿತ್ತು. ಅಜರ್ ಅಲಿಯವರನ್ನು ಔಟ್ ಮಾಡಿದವರು ಬಾಯ್ಡ್ ರ್‍ಯಾಂಕಿನ್. ಇಂಗ್ಲೆಂಡ್‌ಗೆ ಹೋಗಿ ಬಂದ ಅದೇ ರ್‍ಯಾಂಕಿನ್. ಎರಡು ದೇಶಗಳ ಪರ ಟೆಸ್ಟ್ ಆಡಿದ ಕೆಲವೇ ಕೆಲವರ ಸಾಲಿಗೆ ಅವರು ಸೇರಿದರು. ಜಾಯ್ಸ್ 39ನೇ ವಯಸ್ಸಲ್ಲಿ ಕೊನೆಗೂ ಟೆಸ್ಟ್ ಆಡಿದರು, 4 ಮತ್ತು 43 ರನ್. ಅದೇ ತಿಂಗಳು ನಿವೃತ್ತಿ ಹೇಳಿದರು. ಯಾವ ಟೆಸ್ಟ್‌ಗಾಗಿ ಡಬ್ಲಿನ್ ಬಿಟ್ಟು ಹೋಗಿದ್ದರೋ ಅದು ಡಬ್ಲಿನ್ ಪಕ್ಕದಲ್ಲೇ ಸಿಕ್ಕಿತು, ಹನ್ನೆರಡು ವರ್ಷ ತಡವಾಗಿ. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಲಕುವ ಸಂಗತಿ ಇದು. ಈ ಬಾಗಿಲು 2005ರಲ್ಲೇ ತೆರೆದಿದ್ದರೆ ಅಣ್ಣತಮ್ಮಂದಿರು ಬೆಲ್‌ಫಾಸ್ಟ್‌ನಲ್ಲಿ ಎದುರಾಗುವ ಪ್ರಸಂಗವೇ ಬರುತ್ತಿರಲಿಲ್ಲವೇನೋ. 2019ರಲ್ಲಿ ಜಾಯ್ಸ್ ಐರ್ಲೆಂಡ್ ಮಹಿಳಾ ತಂಡದ ಮುಖ್ಯ ಕೋಚ್ ಆದರು.

ಮಾರ್ಗನ್ ವಿಷಯಕ್ಕೆ ಬಂದರೆ, 2019ರ ವಿಶ್ವಕಪ್‌ನಲ್ಲಿ 10 ತಂಡಗಳಷ್ಟೇ ಇದ್ದವು. ಐರ್ಲೆಂಡ್ ಹಿಂದಿನ ವರ್ಷ ಹರಾರೆಯಲ್ಲಿ ಅಫ್ಘಾನಿಸ್ತಾನಕ್ಕೆ ಸೋತು ಹೊರಬಿದ್ದಿತ್ತು. ಜುಲೈ 14ರಂದು ಲಾರ್ಡ್ಸ್‌ನಲ್ಲಿ ಫೈನಲ್ ಟೈ, ಸೂಪರ್ ಓವರ್ ಕೂಡ ಟೈ, ಬೌಂಡರಿ ಲೆಕ್ಕದಲ್ಲಿ ಇಂಗ್ಲೆಂಡ್ ಗೆಲುವು. ಸೂಪರ್ ಓವರ್ ಹಾಕಿದ ಜೋಫ್ರಾ ಆರ್ಚರ್ ಬಾರ್ಬಡೋಸ್‌ನಲ್ಲಿ ಹುಟ್ಟಿದವರು. 84 ರನ್ ಹೊಡೆದು ಪಂದ್ಯ ಉಳಿಸಿದ ಬೆನ್ ಸ್ಟೋಕ್ಸ್ ಹುಟ್ಟಿದ್ದು ಅಂದಿನ ಎದುರಾಳಿ ನ್ಯೂಜಿಲೆಂಡ್‌ನಲ್ಲೇ. ಕಪ್ ಎತ್ತಿದ್ದು ಡಬ್ಲಿನ್‌ನ ಮಾರ್ಗನ್. ಐರಿಷ್ ಅದೃಷ್ಟ ಕೈ ಹಿಡಿಯಿತಾ ಅಂತ ಪತ್ರಕರ್ತರು ಕೇಳಿದಾಗ, ಅಲ್ಲಾಹು ನಮ್ಮ ಜೊತೆಗಿದ್ದಾನೆ ಅಂತ ಆದಿಲ್ ರಶೀದ್ ಹೇಳಿದ್ದನ್ನು ಮಾರ್ಗನ್ ನೆನಪಿಸಿಕೊಂಡರು. ತನ್ನ ತಂಡದಲ್ಲಿ ಯಾರು ಯಾರು ಇದ್ದಾರೆ ಅನ್ನುವುದನ್ನು ಅಷ್ಟು ಸಹಜವಾಗಿ ಹೇಳಿದ ನಾಯಕ ಅವರು.

ಹತ್ತು ದಿನ ಬಿಟ್ಟು ಅದೇ ಲಾರ್ಡ್ಸ್‌ನಲ್ಲಿ ಐರ್ಲೆಂಡ್ ಇಂಗ್ಲೆಂಡ್ ವಿರುದ್ಧ ಟೆಸ್ಟ್ ಆಡಿತು. ಮೊದಲ ಇನಿಂಗ್ಸ್‌ನಲ್ಲಿ ಇಂಗ್ಲೆಂಡ್ 85ಕ್ಕೆ ಆಲೌಟ್. 13 ರನ್ ಕೊಟ್ಟು 5 ವಿಕೆಟ್ ಕಿತ್ತ ಟಿಮ್ ಮುರ್ಟಾ ಲಂಡನ್‌ನಲ್ಲಿ ಹುಟ್ಟಿದವರು, ಐರ್ಲೆಂಡ್ ಪರ ಆಡಿದವರು. ಎರಡನೇ ಇನಿಂಗ್ಸ್‌ನಲ್ಲಿ ಐರ್ಲೆಂಡ್ 38ಕ್ಕೆ ಕುಸಿದು ಸೋತಿತು. ಅದೇ ವರ್ಷದ ಕೊನೆಗೆ ಮುರ್ಟಾ ಅಂತರರಾಷ್ಟ್ರೀಯ ಕ್ರಿಕೆಟ್ ಬಿಟ್ಟರು. ಐರ್ಲೆಂಡ್ ಪೂರ್ಣ ಸದಸ್ಯ ಆದದ್ದರಿಂದ ಅದರ ಆಟಗಾರರನ್ನು ಕೌಂಟಿಗಳು ಸ್ಥಳೀಯರೆಂದು ಪರಿಗಣಿಸುವುದು ನಿಂತಿತ್ತು. ಕೌಂಟಿಯೋ ಐರ್ಲೆಂಡೋ ಆರಿಸಿಕೊಳ್ಳಬೇಕಾಯಿತು. ಅವರು ಮಿಡ್ಲ್‌ಸೆಕ್ಸ್ ಆರಿಸಿಕೊಂಡರು. ಟೆಸ್ಟ್ ಸ್ಥಾನ ಒಂದು ಬಾಗಿಲು ತೆರೆದು ಇನ್ನೊಂದನ್ನು ಮುಚ್ಚಿತ್ತು.

ಐರ್ಲೆಂಡ್ ಮಟ್ಟಿಗೆ ಲೆಕ್ಕ ಸರಿಹೋಗುತ್ತಾ ಬಂದಿದೆ. 2020ರ ಆಗಸ್ಟ್‌ನಲ್ಲಿ ಸೌತಾಂಪ್ಟನ್‌ನಲ್ಲಿ ಮಾರ್ಗನ್ ಇಂಗ್ಲೆಂಡ್ ನಾಯಕರಾಗಿ 106 ಹೊಡೆದರು. ಐರ್ಲೆಂಡ್ 3 ವಿಕೆಟ್‌ಗೆ 329 ಗಳಿಸಿ ಗೆದ್ದಿತು. ಬೆಂಗಳೂರಿನಲ್ಲಿ ಗಳಿಸಿದ ಅದೇ 329.

ಆದರೆ ನಿಯಮ ಉಳಿದವರಿಗೆ ಹಾಗೇ ಇದೆ. 2022ರಲ್ಲಿ ಸ್ಪಿನ್ನರ್ ಮೈಕಲ್ ರಿಪ್ಪನ್ ವರ್ಷದ ಆರಂಭದಲ್ಲಿ ನೆದರ್ಲೆಂಡ್ಸ್ ಪರ ಆಡಿ, ಜುಲೈನಲ್ಲಿ ನ್ಯೂಜಿಲೆಂಡ್ ಪರ ಆಡಿದರು. ಕಾಯಲೇ ಇಲ್ಲ. ಅಂಥವರು ವಾಪಸ್ ಹೋಗಬೇಕಾದರೆ ಈಗ 3 ವರ್ಷ. ಸ್ಕಾಟ್ಲೆಂಡ್, ನೆದರ್ಲೆಂಡ್ಸ್, ನೇಪಾಳ ಇವತ್ತು 2005ರ ಐರ್ಲೆಂಡ್ ಇದ್ದ ಜಾಗದಲ್ಲೇ ಇವೆ. ಮೇಲೆ ಹೋಗುವ ಆಟಗಾರನನ್ನು ತಡೆಯಬೇಕು ಅಂತ ನಾನು ಹೇಳುವುದಿಲ್ಲ. ಆತನ ಕ್ರಿಕೆಟ್ ಬದುಕು ಚಿಕ್ಕದು. ನನ್ನ ಬೇಡಿಕೆ ಎರಡೇ. ಬೆಳೆಸಿದ ಚಿಕ್ಕ ಮಂಡಳಿಗೆ ದೊಡ್ಡ ಮಂಡಳಿ ಪರಿಹಾರ ಕೊಡಬೇಕು. ಹುಟ್ಟಿ ಬೆಳೆದ ಅಸೋಸಿಯೇಟ್ ತಂಡಕ್ಕೆ ಮರಳಿ ಬರುವವರಿಗೆ ಕಾಯುವ ಅವಧಿ ಪೂರ್ತಿ ರದ್ದಾಗಬೇಕು. ಜಾಯ್ಸ್‌ಗೆ ವಿನಾಯಿತಿಯಾಗಿ ಸಿಕ್ಕಿದ್ದು ಎಲ್ಲರಿಗೂ ಹಕ್ಕಾಗಿ ಸಿಗಬೇಕು.